ಮಲ್ಲಪ್ಪನ ಜಾಗ ಕಾದ ಮಳೆಗಾಲ

ಜೂನ್ ಹತ್ತಿರ ಬಂತೆಂದರೆ ಮಲಾಡ್ ಮಾರ್ಕೆಟ್ಟಿನಲ್ಲಿ ಚಪ್ಪಲಿ ಅಂಗಡಿ, ಬ್ಯಾಗಿನ ಅಂಗಡಿ ಎಲ್ಲವೂ ರೇನ್‌ಕೋಟ್ ಅಂಗಡಿಗಳಾಗಿಬಿಡುತ್ತವೆ. ಈ ವರ್ಷ ಮಗಳಿಗೊಂದು ಕೋಟು ಕೊಳ್ಳಲು ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಹರಿದು ಹೊಸ ಕೋಟನ್ನು ನಮ್ಮ ಮುಂದೆ ಝಾಡಿಸಿದ. ಬಿಳಿ ಪೌಡರ್ ಎದ್ದು ಮೂಗಿಗೆ ಬಂತು. ಅದರ ಹಿಂದೆಯೇ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರ ತಳದಲ್ಲಿ ಒಂದಿಷ್ಟು ಸುಟ್ಟ ವಾಸನೆ. ಮಗಳು ಮೂಗು ಮುಚ್ಚಿಕೊಂಡು, "ಪಪ್ಪಾ, ಯೇ ನಕೋ, ಗಬ್ಬು ಹೊಡೀತದ" ಎಂದಳು. ನಾನು ಕೋಟನ್ನು ಕೈಗೆ ತೆಗೆದುಕೊಂಡು ತೋಳಿನ ಕೀಲನ್ನು ಹೆಬ್ಬೆರಳಿನಿಂದ ಎಳೆದು ನೋಡಿದೆ. ಅಂಗಡಿಯವನು, "ಫಟೇಗಾ ನಹೀಂ ಚಾಚಾ" ಎಂದ. ಹರಿಯುತ್ತದೋ ಇಲ್ಲವೋ ಎಂದು ನೋಡುವುದಕ್ಕಾಗಿ ನಾನು ಎಳೆದಿರಲಿಲ್ಲ. ಕೈ ತಾನೇ ಹೋಗಿತ್ತು.

ನಮ್ಮ ಕಡೆಯವರ ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಬಹಳ ದಿನದಿಂದ ಕೇಳುತ್ತಿದ್ದರು. ಸಣ್ಣ ಧಂದೆಯಲ್ಲಿ ಹೊಸತನ ತರುವುದು ಹೇಗೆ, ಇದ್ದ ಕೈಗಳಲ್ಲಿಯೇ ಕೆಲಸ ಚುರುಕಾಗುವುದು ಹೇಗೆ, ಇದರ ಮೇಲೆ ಅನುಭವದ ನಾಲ್ಕು ಮಾತು ಬೇಕು, ಹುಡುಗರಿಗೆ ಉಪಯೋಗವಾಗುತ್ತದೆ ಎಂದಿದ್ದರು. ನಾನು ಮಲಾಡಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಮೀಸೆಯಲ್ಲಿ ಬಿಳಿ ಕೂದಲು ಕಂಡ ಮೇಲೆ ರಾತ್ರಿ ಶಾಲೆಗೆ ಹೋಗಿ ಹತ್ತನೇ ಪಾಸಾದವನು. ಧಂದೆಯ ಬಗ್ಗೆ ಪುಸ್ತಕ ಓದಿಲ್ಲ. ನನಗೆ ಗೊತ್ತಿರುವುದೆಲ್ಲ ಜೋಗೇಶ್ವರಿಯ ಒಂದು ಗಾಳಾದಲ್ಲಿ, ಒಂದೇ ಸೀಜನ್ನಿನಲ್ಲಿ ಕಲಿತದ್ದು. ಹಾಗಾಗಿ ಆ ಸೀಜನ್ನನ್ನೇ ಬರೆಯುತ್ತೇನೆ. ಉಪಯೋಗದ ಮಾತು ಅದರೊಳಗೇ ಇದೆ. ಕೊನೆಗೆ ಅದರಿಂದ ಏನಾಯಿತು ಎಂಬುದೂ ಇದೆ.

ಗಾಳಾ ಎಂದರೆ ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ ಉದ್ದಕ್ಕೆ ಕೊಯ್ದಿಟ್ಟ ಖೋಲಿ. ನಮ್ಮದರ ಎಡಕ್ಕೆ ಸ್ಪ್ರಿಂಗ್ ಮಾಡುವವರು, ಬಲಕ್ಕೆ ಬಿಸ್ಕೀಟಿನ ಡಬ್ಬಿಗೆ ಮುಚ್ಚಳ ಮಾಡುವವರು. ನಡುವೆ ನಾವು ರೇನ್‌ಕೋಟಿನವರು. ಮಾಲೀಕರು ಬೆಳಗಾವಿಯ ಹಂಜಿ ಸೇಠ್. ಅವರ ತಂದೆಯ ಕಾಲದಿಂದ ಮುಂಬಯಿಯಲ್ಲಿದ್ದವರು. ಬಿಳಿ ಅಂಗಿ ತೊಟ್ಟು ಬಾಗಿಲ ಪಕ್ಕ, ಗಾಜಿನ ಅಡ್ಡಗೋಡೆಯ ಹಿಂದೆ ಮೇಜಿಗೆ ಕೂತಿರುತ್ತಿದ್ದರು. ಸಿಟ್ಟು ಬಂದರೆ ಮರಾಠಿ, ಸಮಾಧಾನವಿದ್ದರೆ ಕನ್ನಡ.

ಬೇಸಿಗೆಯಲ್ಲಿ ಮಳೆಯ ಕೆಲಸ ನಮ್ಮದು. ಸಂಕ್ರಮಣ ಮುಗಿದ ಮೇಲೆ ಪ್ಲಾಸ್ಟಿಕ್ ಹಾಳೆಯ ರೋಲುಗಳು ಬಂದು ಬೀಳುತ್ತಿದ್ದವು. ಕೊಂಕಣದ ರಾಜಾರಾಮ್ ಕಟಿಂಗ್ ಮಾಡುತ್ತಿದ್ದ. ಕತ್ತರಿಸಿದ ತುಂಡುಗಳನ್ನು ವೆಲ್ಡಿಂಗ್ ಮಷೀನಿನ ಕೆಳಗಿಟ್ಟು ಪೆಡಲ್ ಒತ್ತಿದರೆ ಹಿತ್ತಾಳೆಯ ಅಚ್ಚು ಇಳಿದು ಎರಡು ಹಾಳೆ ಒಂದಾಗುತ್ತಿತ್ತು. ಆ ಮಷೀನಿನ ಮೇಲೆ ಇದ್ದವನು ಮಲ್ಲಪ್ಪ. ನಾನು ತೋಳು, ಟೋಪಿಗಳನ್ನು ಜೋಡಿಸಿ ಅವನಿಗೆ ಕೊಡುವವನು. ಕೊನೆಗೆ ಶಾರವ್ವ ಗುಂಡಿ ಒತ್ತಿ, ಪೌಡರ್ ಉದುರಿಸಿ, ಮಡಚಿ, ಚೀಲಕ್ಕೆ ಹಾಕುತ್ತಿದ್ದಳು. ಪೌಡರ್ ಇಲ್ಲದಿದ್ದರೆ ಕೋಟು ಮಡಿಕೆಯಲ್ಲಿ ತನಗೆ ತಾನೇ ಅಂಟಿಕೊಂಡುಬಿಡುತ್ತದೆ. ಸಂಜೆ ಲೋಕಲ್ಲಿನಲ್ಲಿ ನಮ್ಮ ನಾಲ್ವರ ಹುಬ್ಬೂ ಬೆಳ್ಳಗಿರುತ್ತಿತ್ತು. ಯಾರೋ ಒಬ್ಬರು ಶಾರವ್ವನನ್ನು ನೋಡಿ ಹಿಟ್ಟಿನ ಗಿರಣಿಯಲ್ಲಿ ಕೆಲಸವೇ ಎಂದು ಕೇಳಿದ್ದಕ್ಕೆ ಅವಳು, "ಹೌದಪಾ, ಮಳಿ ಬೀಸ್ತೀನಿ" ಎಂದಿದ್ದಳು.

ಮಲ್ಲಪ್ಪ ಇಂಡಿ ತಾಲೂಕಿನವನು. ನಾನು ಸಿಂದಗಿ ಪೇಟೆಯವನು. ಅವನು ನನಗಿಂತ ಮೊದಲು ಬಂದಿದ್ದ, ನನ್ನನ್ನು ಸೇಠರ ಮುಂದೆ ನಿಲ್ಲಿಸಿದವನೇ ಅವನು. ಕಡಿಮೆ ಮಾತಿನವನು. ನಕ್ಕರೆ ಮಾತ್ರ ಹೆಗಲು ಕುಣಿಯುವ ಹಾಗೆ ನಗುತ್ತಿದ್ದ. ಅವನ ಹೆಂಡತಿ ಕಸ್ತೂರಿ ಚಾಳಿನಲ್ಲಿ ಮನೆಯಲ್ಲಿಯೇ ರೊಟ್ಟಿ ಬಡಿದು ಒಂದಿಷ್ಟು ಬ್ಯಾಚಲರ್ ಹುಡುಗರಿಗೆ ಡಬ್ಬಿ ಕಳಿಸುತ್ತಿದ್ದಳು. ಮಧ್ಯಾಹ್ನ ನಮ್ಮ ನಾಲ್ವರಿಗೂ ಅವಳದೇ ಶೇಂಗಾ ಚಟ್ನಿ.

ಆ ವರ್ಷ ಸೇಠರ ಮಗಳು ಸಾಯಲಿ ಓದು ಮುಗಿಸಿ ಗಾಳಾಕ್ಕೆ ಬರತೊಡಗಿದಳು. ಹೊರಗಿನ ಸೋವಿ ಕೋಟುಗಳು ಬಂದು ಎರಡು ವರ್ಷದಿಂದ ನಮ್ಮ ಮಾಲು ಅಂಗಡಿಗಳಲ್ಲಿ ಉಳಿಯುತ್ತಿತ್ತು. ಸೇಠ್ ಗಾಳಾ ಮಾರುವ ಮಾತು ಆಡುತ್ತಿದ್ದರು. ಒಂದು ವರ್ಷ ನನಗೆ ಕೊಡಿ ಎಂದು ಈಕೆ ತಂದೆಯನ್ನು ಒಪ್ಪಿಸಿದ್ದಳಂತೆ. ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಮೊದಲ ದಿನ ಬಂದು ನಮ್ಮ ಮುಂದೆ ನಿಂತು ಹೇಳಿದ ಮಾತು ಇದು: "ನಾನು ಇಲ್ಲಿ ಬಾಸ್ ಅಲ್ಲ. ಮುಝೇ ಬಸ್ ದೇಖನಾ ಹೈ. ಒಂದು ವಾರ ನಾನು ನೋಡ್ತೀನಿ, ಓಕೆ?"

ನಾನು ಆ ಮಾತನ್ನು ಮೊದಲನೆಯ ಪಾಠ ಎಂದು ಇಟ್ಟುಕೊಂಡಿದ್ದೇನೆ. ಕೆಲಸ ಸುಧಾರಿಸಲು ಬಂದವರು ಮೊದಲು ಸುಮ್ಮನೆ ನಿಂತು ನೋಡಬೇಕು. ಏನು ತೊಂದರೆ ಎಂದು ಕೇಳಿದರೆ ಕೆಲಸ ಮಾಡುವವನು ಹೇಳುವುದಿಲ್ಲ, ಯಾಕೆಂದರೆ ಅವನಿಗೆ ಅದು ತೊಂದರೆ ಎಂದು ಗೊತ್ತಿರುವುದೇ ಇಲ್ಲ. ಶಾರವ್ವ ಗುಂಡಿ ತರಲು ಗೋಡೆಯ ಕಪಾಟಿನವರೆಗೆ ಹೋಗಿ ಬರುತ್ತಿದ್ದಳು. ಎಷ್ಟೋ ವರ್ಷದಿಂದ ಹಾಗೆಯೇ. ಸಾಯಲಿ ಅವಳ ಹಿಂದೆಯೇ ಓಡಾಡಿ ಕೇಳಿದಳು, "ಆಂಟಿ, ಡಬ್ಬಾ ಯಾಕೆ ಅಲ್ಲಿದೆ?"

"ಕಪಾಟ ಅಲ್ಲೇ ಐತಲ್ಲಬೇ."

"ಕಪಾಟ್ ಯಾಕೆ ಅಲ್ಲಿದೆ?"

ಶಾರವ್ವ ನನ್ನ ಕಡೆ ತಿರುಗಿ, "ಈ ಪೋರಿಗೆ ಏನ್ ಹೇಳ್ಲೋ ಸಿದ್ದೂ, ಗ್ವಾಡಿ ಅಲ್ಲೇ ಐತಿ ಅಂತ ಹೇಳ್ಲೇನು" ಎಂದಳು. ಸಾಯಲಿಯೂ ನಕ್ಕಳು. ಮರುದಿನ ಗುಂಡಿಯ ಡಬ್ಬಿ ಶಾರವ್ವನ ಬಲಗೈ ಹತ್ತಿರ ಬಂತು. ಸಂಜೆ ಶಾರವ್ವ ಮೊಣಕಾಲು ತಿಕ್ಕಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಆ ಹುಡುಗಿ ಏನು ಹೇಳಿದರೂ ಶಾರವ್ವ ಹೂಂ ಎನ್ನುತ್ತಿದ್ದಳು.

ಆಮೇಲೆ ಮೇಜುಗಳು ಜಾಗ ಬದಲಿಸಿದವು. ಮೊದಲು ನಾವು ಒಬ್ಬೊಬ್ಬರೂ ಒಂದು ದೊಡ್ಡ ಗಂಟು ಮುಗಿಸಿ ಮುಂದಿನವರ ಹತ್ತಿರ ಹೊತ್ತುಹಾಕುತ್ತಿದ್ದೆವು. ರಾಜಾರಾಮ್ ಟೋಪಿಯ ಅಳತೆ ತಪ್ಪಿದರೆ ಅದು ಶಾರವ್ವನ ಕೈಗೆ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟರಲ್ಲಿ ಇಡೀ ಗಂಟು ಕೆಟ್ಟಿರುತ್ತಿತ್ತು. ಸಾಯಲಿ ನಾಲ್ವರ ಮೇಜನ್ನೂ ಒಂದರ ಪಕ್ಕ ಒಂದು ಇಟ್ಟು, ಒಂದೊಂದೇ ಕೋಟು ಕೈಯಿಂದ ಕೈಗೆ ಕೊಡಿ ಎಂದಳು. ರಾಜಾರಾಮ್ ಮುಖ ಸಿಂಡರಿಸಿದ. "ಅರೇ ತಾಯೀ, ಹೇ ಕಾಯ್ ಪಂಗತೀಚಂ ಜೇವಣ್ ಆಹೇ ಕಾ" ಎಂದ. ಪಂಕ್ತಿಯ ಊಟಕ್ಕೆ ಬಡಿಸುತ್ತಿದ್ದೀಯಾ ಎಂದು. ಮೊದಲ ದಿನ ನಿಜಕ್ಕೂ ಗೊಂದಲವೇ ಆಯಿತು. ಆದರೆ ತಪ್ಪು ಆದ ಕೂಡಲೇ ಪಕ್ಕದವರಿಗೆ ಕಾಣತೊಡಗಿತು. ಕೆಟ್ಟ ಕೋಟು ಬೀಳುವ ಮೂಲೆ ಖಾಲಿಯಾಯಿತು. ಇದು ಎರಡನೆಯದು. ಗುಡ್ಡೆ ಹಾಕಬೇಡಿ. ಗುಡ್ಡೆಯ ಕೆಳಗೆ ತಪ್ಪು ಅಡಗಿ ಕೂರುತ್ತದೆ.

ಹೊಸತನ ಎಂದು ಸಂಪಾದಕರು ಕೇಳಿದ್ದು ಬಹುಶಃ ಇದಲ್ಲ, ಜೇಬಿನ ವಿಷಯ. ಸಾಯಲಿ ಮಲಾಡ್ ಸ್ಟೇಷನ್ ಹೊರಗೆ ಬೈಕಿನಲ್ಲಿ ಊಟ, ಪಾರ್ಸಲ್ ಹಂಚುವ ಹುಡುಗರ ಜೊತೆ ನಿಂತು ಮಾತಾಡಿ ಬಂದಳು. ನಿಮಗೆ ಎಂಥ ಕೋಟು ಬೇಕು ಎಂದು ಕೇಳಲಿಲ್ಲವಂತೆ. ಹೋದ ಮಳೆಗಾಲದಲ್ಲಿ ಏನೇನು ಕಷ್ಟವಾಯಿತು ಹೇಳಿ ಎಂದಳಂತೆ. ಎಲ್ಲರೂ ಒಂದೇ ಮಾತು: ದಾರಿ ನೋಡಲು ಫೋನು ಹೊರತೆಗೆದರೆ ನೀರು, ಒಳಗಿಟ್ಟರೆ ಕಾಣುವುದಿಲ್ಲ. ಎಡತೋಳಿನ ಮೇಲೆ ಒಳಗಿನದು ಆಚೆಯಿಂದ ಕಾಣುವಂಥ ಹಾಳೆಯ ಜೇಬು ಹಾಕಿದರೆ ಹೇಗೆ ಎಂದು ಅವಳು ಕೇಳಿದಳು. ಮಲ್ಲಪ್ಪ ಆ ದಿನವೆಲ್ಲ ಹಾಳೆ ಕೆಡಿಸಿದ. ಪಾರದರ್ಶಕ ಹಾಳೆ ತೆಳುವಾದದ್ದು, ಅಚ್ಚಿನ ಶಾಖಕ್ಕೆ ಸುಟ್ಟುಹೋಗುತ್ತಿತ್ತು. ಕೊನೆಗೆ ನಡುವೆ ಒಂದು ಪಟ್ಟಿ ಇಟ್ಟು, ಪೆಡಲನ್ನು ಒಂದೇ ಸಲ ಒತ್ತದೆ ಎರಡು ಸಲ ಮೆಲ್ಲಗೆ ಒತ್ತಿ ಕೂಡಿಸಿದ. ಸಾಯಲಿ ಆ ಜೇಬಿನಲ್ಲಿ ತನ್ನ ಫೋನಿಟ್ಟು ನಲ್ಲಿಯ ಕೆಳಗೆ ತೋಳು ಹಿಡಿದಳು. ನೀರು ಹೋಗಲಿಲ್ಲ. "ಮಲ್ಲಪ್ಪ ಅಂಕಲ್, ಇದು ಸೂಪರ್" ಎಂದಳು. ಮಲ್ಲಪ್ಪನ ಹೆಗಲು ಕುಣಿಯಿತು.

ಇಷ್ಟಾದ ಮೇಲೆ ಅವಳು ಇನ್ನೊಂದು ಮಾತು ತಂದಳು. ಒಬ್ಬರ ಕೆಲಸ ಇನ್ನೊಬ್ಬರೂ ಕಲಿಯಬೇಕು. ನಾನು ಮಷೀನು ಕಲಿಯಬೇಕು, ಶಾರವ್ವ ತೋಳು ಜೋಡಿಸಬೇಕು, ಮಲ್ಲಪ್ಪ ಕಟಿಂಗ್. ಬೇರೆ ಕಾರ್ಖಾನೆಗಳಲ್ಲಿ ಈ ಮಾತಿಗೆ ಆಳುಗಳು ತಿರುಗಿ ಬೀಳುತ್ತಾರೆ, ತಮ್ಮ ಕೈಚಳಕ ಬಿಟ್ಟುಕೊಡುವುದಿಲ್ಲ ಎಂದು ಆಮೇಲೆ ಕೇಳಿದ್ದೇನೆ. ನಮಗೆ ಮಾತ್ರ ಖುಷಿಯಾಯಿತು. ಅದಕ್ಕೆ ಕಾರಣ ನಮ್ಮ ಬದ್ಲಿ ಪದ್ಧತಿ.

ಮುಂಬಯಿಗೆ ದುಡಿಯಲು ಬಂದ ನಮ್ಮ ಕಡೆಯವರಿಗೆ ಬದ್ಲಿ ಗೊತ್ತು. ಊರಿಗೆ ಹೋಗಬೇಕಾದವನು ತನ್ನ ಜಾಗದಲ್ಲಿ ತನ್ನವನೊಬ್ಬನನ್ನು ಕೂರಿಸಿ ಹೋಗುತ್ತಾನೆ. ಹೋದವನು ಬಂದ ಕೂಡಲೇ ಬದ್ಲಿಯವನು ಎದ್ದು ಜಾಗ ಬಿಡುತ್ತಾನೆ. ಜಾಗ ಮಾತ್ರ ಹೋದವನದೇ. ಇದಕ್ಕೆ ಕಾಗದ ಇಲ್ಲ, ಮಾತೇ. ಬದ್ಲಿ ಬಂದವನಿಗೆ ಕೆಲಸ ಅರ್ಧಂಬರ್ಧ ಬರುತ್ತಿತ್ತು, ಮಾಲು ಕಡಿಮೆ ಬೀಳುತ್ತಿತ್ತು, ಸೇಠ್ ಮರಾಠಿಯಲ್ಲಿ ಬೈಯುತ್ತಿದ್ದರು, ಹೋದವನು ಬಂದಾಗ ಎಲ್ಲರಿಗೂ ಉಸಿರು ಬಂದಂತಾಗುತ್ತಿತ್ತು. ಈಗ ಎಲ್ಲರಿಗೂ ಎಲ್ಲ ಕೆಲಸ ಬಂದರೆ ಆ ಬೈಗುಳವೂ ಇಲ್ಲವಲ್ಲ ಎಂದುಕೊಂಡೆವು. ಶಾರವ್ವ ಅಂತೂ, "ಇನ್ನ ನಾ ಮಗಳ ಬಾಣಂತನಕ್ಕ ಹೋದ್ರ ಚಿಂತಿ ಇಲ್ಲ, ಸಿದ್ದೂನೇ ಕುಬಸಾ ತೊಟ್ಟು ಗುಂಡಿ ಒತ್ತತಾನ" ಎಂದಳು.

ಮಲ್ಲಪ್ಪ ನನಗೆ ಮಷೀನು ಕಲಿಸಿದ. ಅಚ್ಚು ಬಿಸಿಯಾಗಿದ್ದರೆ ಸದ್ದು ಹೇಗಿರುತ್ತದೆ, ತಣ್ಣಗಿದ್ದರೆ ಹೇಗೆ ಎಂದು ಕಣ್ಣು ಮುಚ್ಚಿಸಿ ಕೇಳಿಸುತ್ತಿದ್ದ. ಕೀಲನ್ನು ಹೆಬ್ಬೆರಳಿನಿಂದ ಎಳೆದು ನೋಡುವುದನ್ನು ಕಲಿಸಿದ. "ಜೋರ್ ಹಾಕಬ್ಯಾಡ. ಕೂಸಿನ ಕಿವಿ ಹಿಡಿದಂಗ ಹಿಡಿ" ಎನ್ನುತ್ತಿದ್ದ.

ಹೋಳಿ ಹತ್ತಿರ ಕಸ್ತೂರಿ ಕಾಯಿಲೆ ಬಿದ್ದಳು. ಗಂಟಲಿನಲ್ಲಿ ಏನೋ ಸಿಕ್ಕಿದಂತಾಗುತ್ತದೆ ಎಂದು ತಿಂಗಳುಗಟ್ಟಲೆ ಹೇಳದೆ ಇದ್ದಳಂತೆ. ಜೋಗೇಶ್ವರಿಯ ಡಾಕ್ಟರು ಪರೇಲಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದರು. ಪರೇಲಿಗೆ ಹೋಗಿ ಎಂದರೆ ಏನೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಪ್ಪ ಒಂದು ದಿನ ಮಧ್ಯಾಹ್ನ ಬಂದು ಮಷೀನಿನ ಮುಂದೆ ಕೂರದೆ ನಿಂತುಕೊಂಡ.

"ಭಾಳ ದಿನಾ ಆಗ್ತೈತಂತ. ಆಪರೇಷನ್ನು, ಆಮ್ಯಾಲೆ ಶಾಖಾ ಕೊಡೂದು. ದಿನಾ ಹೋಗಬೇಕು. ಆಕಿಗೆ ಹಿಂದಿ ಬರೂದಿಲ್ಲ, ಒಬ್ಬಾಕಿನ್ನ ಹೆಂಗ ಬಿಡ್ಲಿ" ಎಂದ.

"ಹೋಗೋ ನೀ. ಇಲ್ಲಿ ನಾವು ಸತ್ತೀವೇನು?" ಎಂದಳು ಶಾರವ್ವ.

ಸೇಠರ ಮುಂದೆ ನಾವೆಲ್ಲ ನಿಂತೆವು. ಊರಿನಿಂದ ಯಾರನ್ನಾದರೂ ಬದ್ಲಿ ಕರೆಸೋಣವೆಂದರೆ ಸೀಜನ್ನು ತಲೆಯ ಮೇಲೆ, ಹೊಸಬನಿಗೆ ಕಲಿಸಲು ವೇಳೆ ಇಲ್ಲ. ನಾನೇ ಮಾತು ತೆಗೆದೆ. ಬದ್ಲಿ ಬೇಡ, ಅವನ ಕೆಲಸ ನಾವು ಮೂವರೇ ಹಂಚಿಕೊಳ್ಳುತ್ತೇವೆ, ಅವನ ಪಗಾರ ನಿಲ್ಲಿಸಬೇಡಿ, ಜಾಗ ಹಾಗೆಯೇ ಇರಲಿ ಎಂದೆ. ಸೇಠ್ ಆರ್ಡರಿನ ಪುಸ್ತಕ ತೆರೆದು ನೋಡಿ ಮುಚ್ಚಿದರು. ಕೆಟ್ಟ ಮನುಷ್ಯ ಅಲ್ಲ.

"ಮಾಲ ಕಮ್ಮಿ ಆಗಬಾರದು ನೋಡ್ರಿ. ಮಾಲ ಬರೂತನಕಾ ಅವನ ಪಗಾರ ನಾ ಮುಟ್ಟೂದಿಲ್ಲ" ಎಂದರು.

ಸಾಯಲಿ ತಂದೆಯ ಹಿಂದೆ ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. "ನಾವು ಮಾಡೋಣ. ಟೀಮ್ ಇದೆ ಅಲ್ವಾ" ಎಂದಳು.

ಆ ಬೇಸಿಗೆಯನ್ನು ನಾನು ಮರೆಯಲಾರೆ. ತಗಡಿನ ಪತ್ರಾದ ಛಾವಣಿಯ ಕೆಳಗೆ ಗಾಳಾ ಹಂಚಿನಂತೆ ಕಾಯುತ್ತಿತ್ತು. ಪೌಡರು ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಬೆವರಿಗೆ ಪೌಡರ್ ಮೆತ್ತಿ ಕುತ್ತಿಗೆಯ ಮಡಿಕೆಗಳಲ್ಲಿ ಕಣಕದಂತೆ ಕೂರುತ್ತಿತ್ತು. ನಾನು ಮಷೀನಿಗೆ ಹೋದೆ. ನನ್ನ ಜೋಡಿಸುವ ಕೆಲಸವನ್ನು ಶಾರವ್ವ ಅರ್ಧ, ರಾಜಾರಾಮ್ ಅರ್ಧ ಎತ್ತಿಕೊಂಡರು. ಪಂಕ್ತಿಯ ಊಟ ಎಂದು ಗೊಣಗಿದ ರಾಜಾರಾಮನೇ ಕತ್ತರಿಸುವಾಗಲೇ ತೋಳನ್ನು ಬಲ, ಎಡ ಎಂದು ಜೋಡಿ ಮಾಡಿ ಕಳಿಸಲು ಶುರು ಮಾಡಿದ. ಇದರಿಂದ ಒಂದು ಇಡೀ ಹಂತವೇ ತಪ್ಪಿತು. ನಾನು ಅಚ್ಚು ಕೆಳಗಿರುವಾಗಲೇ ಎಡಗೈಯಿಂದ ಮುಂದಿನ ಕೋಟನ್ನು ಸಿದ್ಧ ಮಾಡಿಕೊಳ್ಳುವುದನ್ನು ಕಂಡುಕೊಂಡೆ. ಶಾರವ್ವ ಪೌಡರಿನ ಡಬ್ಬಿಗೆ ಹಳೆ ಮಲ್ ಬಟ್ಟೆ ಕಟ್ಟಿ ಒಂದೇ ತಟ್ಟಿಗೆ ಕೋಟಿನ ತುಂಬ ಉದುರುವಂತೆ ಮಾಡಿದಳು. ಯಾರೂ ನಮಗೆ ಹೇಳಿಕೊಡಲಿಲ್ಲ. ಬೇರೆಯ ಸೀಜನ್ನಿನಲ್ಲಿ ಸಾಯಲಿ ಬೇಡಿಕೊಂಡರೂ ನಮಗೆ ಇಷ್ಟು ಹೊಳೆಯುತ್ತಿರಲಿಲ್ಲ. ಕೆಲಸ ಹೇಗೆ ಚುರುಕಾಗುತ್ತದೆ ಎಂದು ಕೇಳುವವರಿಗೆ ನಾನು ಕಂಡ ಉತ್ತರ ಇಷ್ಟೇ. ಜನಕ್ಕೆ ತಮ್ಮವರಿಗಾಗಿ ಒಂದು ಕಾರಣ ಬೇಕು. ಕಾರಣ ಸಿಕ್ಕರೆ ಕೈ ತಾನೇ ದಾರಿ ಹುಡುಕುತ್ತದೆ.

ಭಾನುವಾರಗಳಲ್ಲಿ ನಾನು ಪರೇಲಿಗೆ ಹೋಗುತ್ತಿದ್ದೆ. ಆಸ್ಪತ್ರೆಯ ಹೊರಗಿನ ಫುಟ್‌ಪಾತಿನಲ್ಲಿ ದೂರದೂರದಿಂದ ಬಂದವರು ಚಾದರ ಹಾಸಿಕೊಂಡು ಮಲಗಿರುತ್ತಿದ್ದರು. ಅವರ ನಡುವೆ ಮಲ್ಲಪ್ಪ ಎರಡು ಪಾತ್ರೆ, ಒಂದು ಫೈಲು ಇಟ್ಟುಕೊಂಡು ಕೂತಿರುತ್ತಿದ್ದ. ಜೋಗೇಶ್ವರಿಯಿಂದ ದಿನಾ ಹೋಗಿ ಬರುವುದು ಕಸ್ತೂರಿಗೆ ಆಗುತ್ತಿರಲಿಲ್ಲ, ಹತ್ತಿರದ ಒಂದು ಧರ್ಮಶಾಲೆಯಲ್ಲಿ ಮೂಲೆ ಸಿಕ್ಕಿತ್ತು. ಆಪರೇಷನ್ನಿನಲ್ಲಿ ಅವಳ ಮಾತು ಹೋಗಿತ್ತು. ಕೈ ಸನ್ನೆಯಲ್ಲಿ ಊಟವಾಯಿತೇ ಎಂದು ಕೇಳಿದಳು. ಮಲ್ಲಪ್ಪ ಪ್ರತಿ ಸಲ ಕೇಳುತ್ತಿದ್ದುದು ಒಂದೇ.

"ಮಾಲ ಕಮ್ಮಿ ಬಿದ್ದಿಲ್ಲ ಹೌದಿಲ್ಲೋ?"

"ಒಂದೂ ಕಮ್ಮಿ ಇಲ್ಲ. ನೀ ನಿಶ್ಚಿಂತಿ ಇರು."

"ನಿಮ್ಮ ಋಣಾ ಹೆಂಗ ತೀರಸ್ಲೋ ಮಾರಾಯಾ."

ನಾನು ತಮಾಷೆಗೆ, "ವಾಪಸ್ ಬಂದ ಮ್ಯಾಲೆ ನನ್ನ ಪಾಲಿನ ಕೆಲಸಾ ನೀ ಮಾಡು, ನಾ ಒಂದ್ ತಿಂಗ್ಳಾ ಊರಿಗೆ ಹೋಗಿ ಮಕ್ಕೋತೀನಿ" ಎಂದೆ. ಕಸ್ತೂರಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ಎಂದು ಹೆಗಲಿನಿಂದ ಮಾತ್ರ ತಿಳಿಯಿತು. ಗಂಡನ ಅಭ್ಯಾಸ ಅವಳಿಗೂ ಬಂದಿತ್ತು.

ಮಳೆ ಆ ವರ್ಷ ಬೇಗ ಬಂತು. ಫೋನ್ ಜೇಬಿನ ಕೋಟುಗಳು ಅಂಗಡಿಯಲ್ಲಿ ನಿಲ್ಲಲಿಲ್ಲ. ಮಲಾಡ್, ಕಾಂದಿವಲಿ, ದಾದರಿನ ಅಂಗಡಿಯವರು ಸೇಠರಿಗೆ ದಿನಾ ಫೋನು. ಎಸ್ಟೇಟಿನ ಗೇಟಿನ ಹತ್ತಿರ ಮೊಣಕಾಲುದ್ದ ನೀರು ನಿಂತಾಗಲೂ ನಾವು ಚಪ್ಪಲಿ ಕೈಯಲ್ಲಿ ಹಿಡಿದು ಬಂದೆವು. ಒಂದು ದಿನ ಮಳೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತ ಬೈಕಿನ ಹುಡುಗನೊಬ್ಬನ ತೋಳಿನ ಮೇಲೆ ನಮ್ಮ ಜೇಬು ಬೆಳಗುತ್ತಿತ್ತು. ಒಳಗೆ ನಕಾಶೆ ತೆರೆದ ಫೋನು. ಇದನ್ನು ಮಲ್ಲಪ್ಪ ನೋಡಬೇಕಿತ್ತು ಅನಿಸಿತು.

ಜುಲೈಯಲ್ಲಿ ಒಂದು ಸಂಜೆ ಸಾಯಲಿ ಪೇಢೆಯ ಡಬ್ಬಿ ಹಿಡಿದು ಬಂದಳು. ಮುಖ ಅರಳಿತ್ತು. ಎಲ್ಲರಿಗೂ ಒಂದೊಂದು ಕೊಟ್ಟು, "ನಾನು ಪಪ್ಪಾಗೆ ತೋರಿಸಿದೆ. ಹೋದ ವರ್ಷಕ್ಕಿಂತ ಜಾಸ್ತಿ ಮಾಲು, ವೋ ಭೀ ಒಬ್ಬರು ಕಮ್ಮಿ ಇದ್ದು. ಯೂ ಪೀಪಲ್ ಆರ್ ಅಮೇಝಿಂಗ್. ಪಪ್ಪಾ ಅಂದ್ರು, ಗಾಳಾ ಮಾರೋದಿಲ್ಲ" ಎಂದಳು.

ರಾಜಾರಾಮ್ ಪೇಢೆ ಬಾಯಿಗೆ ಹಾಕಿಕೊಂಡಿದ್ದ. ಶಾರವ್ವ ಅರ್ಧ ಕಚ್ಚಿದ್ದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು.

"ಏನಂತಾಳ ಈಕಿ? ಒಬ್ಬರು ಕಮ್ಮಿ ಅಂದ್ರ?"

"ಏನಿಲ್ಲ ಬಿಡಬೇ. ಚಲೋ ಮಾಡೀರಿ ಅಂದ್ಳು" ಎಂದೆ ನಾನು.

ಸಾಯಲಿ ಹೋದ ಮೇಲೆ ರಾಜಾರಾಮ್ ಕತ್ತರಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹಿಂದಿಯಲ್ಲಿ ಹೇಳಿದ, "ಸಿದ್ದೂ, ಹಮ್‌ನೇ ತೋ ಉಸಕಾ ಪತ್ತಾ ಕಾಟ್ ದಿಯಾ." ನಾವೇ ಅವನ ಎಲೆ ಎತ್ತಿಬಿಟ್ಟೆವು ಎಂದು. ಶಾರವ್ವನಿಗೆ ಆಗ ಅರ್ಥವಾಯಿತು. ಉಳಿದ ಪೇಢೆಯನ್ನು ಅವಳು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

ಎಷ್ಟು ಸರಳ ಲೆಕ್ಕ, ಆದರೆ ನಮಗೆ ಮೊದಲು ಕಂಡಿರಲಿಲ್ಲ. ಮಾಲು ಕಡಿಮೆಯಾದರೆ ಅವನ ಪಗಾರ ನಿಲ್ಲುತ್ತದೆ ಎಂದು ನಾವು ಜೀವ ಬಿಟ್ಟು ದುಡಿದೆವು. ಮಾಲು ಕಡಿಮೆಯಾಗದಿದ್ದುದರಿಂದ ಅವನು ಬೇಕಾಗಿಲ್ಲ ಎಂದಾಯಿತು. ಹಿಂದಿನ ಕಾಲದ ಬದ್ಲಿಯವನು ಕೆಲಸ ಕೆಡಿಸುತ್ತಿದ್ದ, ಸೇಠ್ ಬೈಯುತ್ತಿದ್ದರು. ಹೋದವನ ಜಾಗ ಕಾಯುತ್ತಿದ್ದುದು ಆ ಬೈಗುಳವೇ. ಅದನ್ನೇ ನಾವು ಇಲ್ಲದಂತೆ ಮಾಡಿದ್ದೆವು.

ನಿಧಾನ ಮಾಡೋಣ ಎಂದಳು ಶಾರವ್ವ. ತೀರಾ ಅಲ್ಲ, ಪಗಾರ ನಿಲ್ಲುವಷ್ಟಲ್ಲ, ಒಬ್ಬನ ಕೊರತೆ ಇದೆ ಎಂದು ಸೇಠರಿಗೆ ಕಾಣುವಷ್ಟು. ಮರುದಿನದಿಂದ ಹಾಗೆಯೇ ಶುರು ಮಾಡಿದೆವು. ಅದು ಎಂಥ ಕಷ್ಟದ ಕೆಲಸ ಎಂದು ಮಾಡಿ ನೋಡಿದವರಿಗೆ ಗೊತ್ತು. ಅಚ್ಚು ಕೆಳಗಿರುವಾಗ ನನ್ನ ಎಡಗೈ ಸುಮ್ಮನಿರಲು ಒಪ್ಪಲಿಲ್ಲ. ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಶಾರವ್ವ ಗುಂಡಿಯ ಡಬ್ಬಿಯನ್ನು ಒಯ್ದು ಹಳೆಯ ಕಪಾಟಿನಲ್ಲಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮರೆತು ತಾನೇ ತಂದು ಬಲಕ್ಕೆ ಇಟ್ಟುಕೊಂಡಿದ್ದಳು. ನೆನಪಾದಾಗ, "ಈ ದರಿದ್ರ ಕೈಗೆ ಬುದ್ಧಿ ಇಲ್ಲ ನೋಡೋ" ಎಂದು ತನ್ನ ಕೈಗೇ ಬೈದುಕೊಂಡಳು. ರಾಜಾರಾಮ್ ತೋಳುಗಳನ್ನು ಬೇಕೆಂದೇ ಕಲಸಿ ಕಳಿಸಿದ. ನಾನು ನೋಡದೆಯೇ ಬಲ, ಎಡ ಬೇರೆ ಮಾಡಿದೆ. ಒಂದಿಷ್ಟು ಮಾಲು ಕಡಿಮೆಯಾಯಿತು. ಸಾಯಲಿ ಕಾಳಜಿಯಿಂದ ಬಂದು ನನ್ನ ಪಕ್ಕ ಕೂತು, "ಅಂಕಲ್, ಮಷೀನ್ ತ್ರಾಸು ಕೊಡ್ತಾ ಇದೆಯಾ?" ಎಂದಳು. ಹೌದು ಎಂದೆ. ಅವಳು ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಅಚ್ಚು ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು, ಸ್ಪ್ರಿಂಗು ಹೊಸದು ಹಾಕಿ ಹೋದ. ಮಷೀನು ಮೊದಲಿಗಿಂತ ವೇಗವಾಯಿತು.

ಶಾರವ್ವ ಅದನ್ನು ನೋಡಿ ನಗುತ್ತ ನಗುತ್ತ ಅತ್ತಳು.

ಸಾಯಲಿಗೆ ನೇರವಾಗಿ ಹೇಳಿಬಿಡೋಣ ಎಂದು ಒಂದು ದಿನ ಚಹಾದ ಹೊತ್ತಿಗೆ ನಾನೇ ಹೇಳಿದೆ. ಇಷ್ಟೆಲ್ಲ ಮಾಡಿದ್ದು ಅವನ ಜಾಗ ಉಳಿಯಲೆಂದು, ಅದರಿಂದ ಉಳಿತಾಯವಾದ ವೇಳೆ ಅವನಿಗೆ ಸೇರಬೇಕಾದದ್ದು ಎಂದೆ. ಅವಳು ಚಹಾದ ಲೋಟ ಕೆಳಗಿಟ್ಟಳು. ಅವಳಿಗೆ ನಿಜಕ್ಕೂ ಆ ಕಡೆಯಿಂದ ಕಂಡಿರಲಿಲ್ಲ. ತಂದೆಯ ಹತ್ತಿರ ಹೋಗಿ ಮಾತಾಡಿದಳು. ಗಾಜಿನ ಆಚೆ ಅವರಿಬ್ಬರ ಕೈಗಳು ಆಡುವುದು ಕಾಣುತ್ತಿತ್ತು. ವಾಪಸ್ ಬಂದು, "ಪಪ್ಪಾ ಸೇಯ್ಸ್, ಅಂಗಡಿಯವರಿಗೆ ರೇಟು ಈ ವರ್ಷ ಇಳಿಸಿ ಕೊಟ್ಟಿದ್ದಾರೆ. ಒಬ್ಬರು ಕಮ್ಮಿ ಅನ್ನೋ ಲೆಕ್ಕದಲ್ಲೇ ಕೊಟ್ಟಿದ್ದಾರೆ. ಮುಂದಿನ ವರ್ಷದ ಆರ್ಡರ್ ಕೂಡ ಅದೇ ರೇಟಿಗೆ. ಅದಕ್ಕೇ ಗಾಳಾ ಉಳೀತು" ಎಂದಳು. ಆಮೇಲೆ ನನ್ನ ಮುಖ ನೋಡದೆ, "ನಾನು ಕೇಳ್ಬೇಕಿತ್ತು ಅಂಕಲ್, ಮೊದಲೇ" ಎಂದಳು.

ಸಂಪಾದಕರು ಕೇಳಿದ ಉಪಯೋಗದ ಮಾತುಗಳಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತೇನೋ. ಕೆಲಸ ಚುರುಕು ಮಾಡುವ ಮೊದಲು, ಚುರುಕಾದದ್ದರಿಂದ ಉಳಿತಾಯವಾದದ್ದು ಯಾರ ಪಾಲಿಗೆ ಎಂದು ಕೇಳಿ. ಬಾಯಿಮಾತಿನಲ್ಲಿ ಬಿಡಬೇಡಿ. ಹುಡುಗರಿಗೆ ನಾನು ಇದನ್ನು ಹೇಳುತ್ತೇನೆ. ಆದರೆ ನಾವು ಆ ದಿನ ಕೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಬೇರೆ ಏನೂ ಕಾಣುವುದಿಲ್ಲ. ಒಪ್ಪದಿದ್ದರೆ ಅವನ ಪಗಾರ ಹೋಳಿಗೇ ನಿಲ್ಲುತ್ತಿತ್ತು. ಚುರುಕಾಗದಿದ್ದರೆ ಗಾಳಾವೇ ಹೋಗುತ್ತಿತ್ತು. ಯಾವ ಬಾಗಿಲನ್ನು ತೆರೆದರೂ ಮಲ್ಲಪ್ಪ ಹೊರಗೇ ನಿಂತಿರುತ್ತಿದ್ದ.

ಅವನು ಬಂದದ್ದು ಗಣಪತಿಗೆ ಸ್ವಲ್ಪ ಮೊದಲು. ಬೀದಿಯಲ್ಲಿ ಮಂಟಪಕ್ಕೆ ಬಿದಿರು ಕಟ್ಟುತ್ತಿದ್ದರು. ಕಸ್ತೂರಿಯ ಶಾಖದ ಚಿಕಿತ್ಸೆ ಮುಗಿದಿತ್ತು, ಇನ್ನು ಆಗಾಗ ತೋರಿಸಿದರೆ ಸಾಕು ಎಂದಿದ್ದರು. ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ. ಅವನು ಸೊರಗಿ, ಅಂಗಿ ಬೇರೆಯವನದು ಎನ್ನುವಂತಾಗಿದ್ದ. ಬರುವಾಗ ಆಸ್ಪತ್ರೆಯ ಹತ್ತಿರದಿಂದ ನಮ್ಮೆಲ್ಲರಿಗೂ ಬಾಳೆಹಣ್ಣು ತಂದಿದ್ದ. ಸೇಠ್ ಅವನನ್ನು ಕೂರಿಸಿಕೊಂಡು ಚಹಾ ತರಿಸಿದರು. ಆಳುಗಳಿಗೆ ಅವರು ಎಂದೂ ಚಹಾ ತರಿಸಿದ್ದನ್ನು ನಾನು ನೋಡಿರಲಿಲ್ಲ. ಸಮಾಧಾನದ ಕನ್ನಡದಲ್ಲಿ ಮಾತಾಡಿದರು. ಸೀಜನ್ನು ಮುಗಿಯಿತು, ಮುಂದೆ ನೋಡೋಣ, ಬೇರೆ ಕಡೆ ಸಿಕ್ಕರೆ ನಾನೇ ಹೇಳುತ್ತೇನೆ, ಇಷ್ಟು ದಿನದ ಪಗಾರ ನಾನು ತಪ್ಪಿಸಲಿಲ್ಲ ಅಲ್ಲವೇ ಎಂದರು.

"ಇಲ್ಲರೀ. ದೊಡ್ಡ ಉಪಕಾರ ಮಾಡೀರಿ" ಎಂದ ಮಲ್ಲಪ್ಪ.

ಆಮೇಲೆ ನಮ್ಮ ಕಡೆ ಬಂದ. ನಾನು ಮಷೀನಿನಿಂದ ಎದ್ದು ನಿಂತೆ. ಬದ್ಲಿಯವನು ಏಳುವ ಹಾಗೆ ಎದ್ದೆ. ಅವನು ಕೂರಲಿಲ್ಲ.

"ಕೂಡು. ನೀ ಹೆಂಗ ಮಾಡ್ತಿ ನೋಡೂಣು" ಎಂದ.

ನಾನು ಕೂತು ಒಂದು ಕೋಟು ಮಾಡಿದೆ. ಎಡಗೈ ಮುಂದಿನದನ್ನು ಸಿದ್ಧ ಮಾಡಿಕೊಂಡಿತು. ಜೇಬಿನ ಹತ್ತಿರ ಪೆಡಲನ್ನು ಎರಡು ಸಲ ಮೆಲ್ಲಗೆ ಒತ್ತಿದೆ. ಅವನು ಕೋಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, ತೋಳಿನ ಕೀಲನ್ನು ಹೆಬ್ಬೆರಳಿನಿಂದ ಎಳೆದು ನೋಡಿದ. ತಪ್ಪು ಹುಡುಕಲಿ, ಒಂದು ತಪ್ಪಾದರೂ ಸಿಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

"ಭಾಳ ಚಲೋ ಬಂದೈತಿ" ಎಂದ.

ಶಾರವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ರಾಜಾರಾಮ್ ಸುಮ್ಮನೆ ಬಾಳೆಹಣ್ಣು ಸುಲಿಯುತ್ತಿದ್ದ, ತಿನ್ನುತ್ತಿರಲಿಲ್ಲ. ಮಲ್ಲಪ್ಪ ಕೋಟನ್ನು ಮಡಚಿ ಶಾರವ್ವನ ಮೇಜಿನ ಮೇಲಿಟ್ಟ. ಎಲ್ಲರಿಗೂ ಕೈ ಮುಗಿದ.

"ನನ್ನ ಸಲುವಾಗಿ ಇಷ್ಟು ಮಾಡಿದ್ರಿ. ನಾ ಮರಿಯೂದಿಲ್ಲ. ಆಕಿ ಒಬ್ಬಾಕಿನ ಅದಾಳ ಮನ್ಯಾಗ, ಬರ್ತೀನಿ" ಎಂದು ಹೇಳಿ ಹೋದ.

ಅವನು ನಮಗೆ ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಕೆಲವು ದಿನ ಅವನು ಜೋಗೇಶ್ವರಿ ಸ್ಟೇಷನ್ ಹೊರಗೆ ಕೂಲಿಯವರು ನಿಲ್ಲುವ ನಾಕಾದಲ್ಲಿ ನಿಲ್ಲುತ್ತಿದ್ದ. ನಾವು ಸ್ಟೇಷನ್ನಿನ ಬೇರೆ ಗೇಟಿನಿಂದ ಹೊರಬೀಳತೊಡಗಿದೆವು. ಆಮೇಲೆ ಕಸ್ತೂರಿಯನ್ನು ಕರೆದುಕೊಂಡು ಊರಿಗೆ ಹೋದನೆಂದು ಕೇಳಿದೆ. ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಫೋನು ಮಾಡುವ ಧೈರ್ಯ ಆಗಲಿಲ್ಲ, ಆ ನಂಬರೂ ಈಗ ಹತ್ತುವುದಿಲ್ಲವಂತೆ.

ಅವನು ಕೈ ಮುಗಿದು ಹೋದ ಆ ಸಂಜೆ ನಾವು ಮೂವರೂ ಉಳಿದ ಮಾಲು ಮುಗಿಸಿದೆವು. ಮರುದಿನ ದೀಪಾವಳಿಯ ಬ್ಯಾಗುಗಳ ಆರ್ಡರ್ ಬಂತು, ಅದೇ ಮಷೀನು, ಬೇರೆ ಅಚ್ಚು. ಅವನಿಲ್ಲದೆ ಕೆಲಸ ಎಲ್ಲಿಯೂ ನಿಲ್ಲಲಿಲ್ಲ.